ಮೊಂಬಾಸಾದಲ್ಲಿ ನನ್ನನ್ನು ಇಳಿಸಲಿಲ್ಲ

ಗಂಡ ಬದುಕಿದ್ದಾನೆ ಎಂಬ ಸುದ್ದಿ ಬಂದ ದಿನ ನಾನು ಕೃಷ್ಣೆಯ ದಂಡೆಯ ಮೇಲೆ ಬಲೆ ಒಣಹಾಕುತ್ತಿದ್ದೆ. ಮಾವ ಏರಿ ಇಳಿದು ಬಂದು, ತೆಳ್ಳಗಿನ ನೀಲಿ ಕಾಗದವೊಂದನ್ನು ನನ್ನ ಮುಂದಿನ ಕಲ್ಲಿನ ಮೇಲಿಟ್ಟು, ಹೊಳೆಯ ಕಡೆ ಮುಖ ಮಾಡಿ, "ಓದಾಕ ಬರ್ತದಲ್ಲ ಆಕಿಗಿ, ಓದ್ಲಿ" ಎಂದರು. ನಮ್ಮಲ್ಲಿ ಮಾವ ಸೊಸೆ ಎದುರುಬದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅತ್ತೆ ಇರುವ ತನಕ ಅವರ ಬಾಯಿಂದ ಮಾತು ಹೋಗಿ ಬರುತ್ತಿತ್ತು. ಅತ್ತೆ ಸತ್ತ ಮೇಲೆ ಮಾವ ಹೊಳೆಗೋ ಗೋಡೆಗೋ ಹೇಳುತ್ತಿದ್ದರು, ನಾನೂ ಅತ್ತ ನೋಡಿಕೊಂಡೇ ಉತ್ತರ ಕೊಡುತ್ತಿದ್ದೆ.

ನಮ್ಮದು ಕಕ್ಕೇರಾದಿಂದ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಮಾವ ಹರಗೋಲು ನಡೆಸುತ್ತಿದ್ದರು. ಜನರನ್ನು, ಕುರಿಗಳನ್ನು, ಜೋಳದ ಚೀಲಗಳನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುವುದು ಅವರ ಕೆಲಸ. ಹೈದರಾಬಾದ್ ಸಂಸ್ಥಾನ ಇಂಡಿಯಾದಲ್ಲಿ ಸೇರುವ ಮುಂಚಿನ ಗದ್ದಲದ ದಿನಗಳಲ್ಲಿ, ಬಂದೂಕು ಹಿಡಿದವರು ಊರೂರು ನುಗ್ಗುತ್ತಿದ್ದಾಗ, ಬಿಜಾಪುರದ ಸೀಮೆಗೆ ಓಡಿಹೋಗುವವರಿಗೆ ನನ್ನ ಗಂಡ ಹೊಳೆಗುಂಟ ದಾರಿ ತೋರಿಸುತ್ತಿದ್ದ. ಯಾರೋ ಆ ಸುದ್ದಿ ಮುಟ್ಟಿಸಿದರು. ಹಿಡಿಯಲು ಬಂದ ದಿನ ಅವನೂ ಅದೇ ದಾರಿ ಹಿಡಿದು ಓಡಿದ. ಆಗ ನಮ್ಮ ಸಂಸಾರಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಹದಿನಾರು.

ಮುಂದೆ ಮಿಲಿಟರಿ ಬಂತು, ಪೊಲೀಸ್ ಆಕ್ಷನ್ ಆಯಿತು, ಓಡಿಹೋದವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಇವನು ಬರಲಿಲ್ಲ. ಅತ್ತೆ ಊರ ಅಗಸೆಯ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ಕೇಳಿ ಕೇಳಿ ಸೊರಗಿದರು. ಒಂದು ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟರು. ತವರಿನಲ್ಲಿ ನನಗೆ ಯಾರೂ ಉಳಿದಿರಲಿಲ್ಲ. ಸುರಪುರದ ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪ ನನ್ನನ್ನು ನಾಲ್ಕನೆಯ ತರಗತಿಯವರೆಗೆ ಶಾಲೆಗೆ ಕಳಿಸಿದ್ದ. ಅದೊಂದು ಪುಣ್ಯದಿಂದ ಕನ್ನಡ, ಉರ್ದು ಎರಡೂ ಓದಲು ಬರುತ್ತಿತ್ತು.

ಕಾಗದ ಬಂದದ್ದು ಮೊಂಬಾಸಾದಿಂದ. ಅದು ಎಲ್ಲಿದೆ ಎಂದು ನನಗಾಗಲಿ ಮಾವನಿಗಾಗಲಿ ಗೊತ್ತಿರಲಿಲ್ಲ. ಬೊಂಬಾಯಿಗೆ ಹೋಗಿ ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸ ಹಿಡಿದೆ, ಆಫ್ರಿಕಾದ ಬಂದರಿನಲ್ಲಿ ಇಳಿದುಬಿಟ್ಟೆ, ಈಗ ಅಲ್ಲಿಯೇ ಹಡಗು ನಿಲ್ಲುವ ಧಕ್ಕೆಯ ಮೇಲೆ ಕಾಯಂ ಕೆಲಸ ಇದೆ, ಇರಲು ಕೋಣೆ ಇದೆ ಎಂದು ಬರೆದಿದ್ದ. "ಅವ್ವ ಅಪ್ಪ ಆಕಿ ಮೂವರೂ ಬರ್ರಿ, ಪರ್ಮಿಟ್ ಕಳಿಸತೇನಿ" ಎಂದಿತ್ತು. ಅವ್ವ ಎಂಬ ಮಾತು ಬಂದಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಮಾವ ಹೊಳೆಯನ್ನೇ ನೋಡುತ್ತ, "ಮುಂದ ಓದ್ಲಿ" ಎಂದರು. ನನ್ನಿಂದ ಉತ್ತರ ಬರೆಸಿದಾಗ, ಅತ್ತೆ ಸತ್ತದ್ದು ಮಾತ್ರ ಬೇಡ, ಎದುರಿಗೆ ಹೇಳಿದರಾಯಿತು ಎಂದರು.

ಪರ್ಮಿಟ್ಟುಗಳು ಮಳೆಗಾಲ ಕಳೆದ ಮೇಲೆ ಬಂದವು. ಇಂಗ್ಲಿಷಿನಲ್ಲಿದ್ದವು. ನಮ್ಮ ಕಡೆ ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲ ಅದು, ಇಂಗ್ಲಿಷ್ ಓದುವವರು ಸುತ್ತಮುತ್ತ ಯಾರೂ ಇರಲಿಲ್ಲ. ಮಾವ ನನ್ನನ್ನು ಕರೆದುಕೊಂಡು ಸುರಪುರದ ತಹಸೀಲಿಗೆ ಹತ್ತಾರು ಸಲ ತಿರುಗಿದರು. ಅಲ್ಲಿಯ ಗುಮಾಸ್ತರು ಕೇಳಿದರು: ನಿನ್ನ ಹೆಸರೇನು, ಗಂಡನ ಹೆಸರೇನು, ಅವನ ಅಪ್ಪನ ಹೆಸರೇನು. ನಾವು ಇದ್ದದ್ದು ಇದ್ದ ಹಾಗೆ ಹೇಳಿದೆವು. ಅದರಲ್ಲೂ ಒಂದು ಗೊಂದಲವಿತ್ತು. ಮದುವೆಯಲ್ಲಿ ಅತ್ತೆ ನನಗೆ ಬೇರೆ ಹೆಸರು ಇಟ್ಟಿದ್ದರು. ಆದರೆ ನನ್ನ ಹತ್ತಿರ ಇದ್ದ ಒಂದೇ ಒಂದು ಕಾಗದ ಶಾಲೆಯದು, ಅದರಲ್ಲಿ ಅಪ್ಪ ಇಟ್ಟ ಹೆಸರು. ಶಾಲೆಯ ಹೆಸರಿನಲ್ಲಿಯೇ ಪಾಸ್‌ಪೋರ್ಟ್ ಆಯಿತು. ಆ ವಿಷಯ ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಮಾವ ಹರಗೋಲನ್ನು ಇನ್ನೊಬ್ಬರಿಗೆ ಕೊಟ್ಟರು. ಎಮ್ಮೆ ಮಾರಿದರು. ಕಟಕ ರೊಟ್ಟಿ ಬಡಿದು, ನಂಜಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಕೊಂಡು, ಸುರಪುರದಿಂದ ಬಸ್ಸು ಹತ್ತಿ ಶಹಾಪುರ ದಾಟಿ ಯಾದಗಿರಿಗೆ ಬಂದು ರೈಲು ಹಿಡಿದೆವು. ಮಾವ ನನ್ನನ್ನು ಮುಟ್ಟಿಸಿ, ಮಗನ ಜೊತೆ ಕೆಲವು ತಿಂಗಳಿದ್ದು ಮರಳುವುದು ಎಂದು ಮಾತಾಗಿತ್ತು. ಅವರ ಪರ್ಮಿಟ್ ಬಂದು ಹೋಗುವವರದು, ನನ್ನದು ಇರುವವಳದು.

ಬೊಂಬಾಯಿಯ ಧಕ್ಕೆಯಲ್ಲಿ ಮಾವ ಮೆಟ್ಟಿಲಿಳಿದು ಒಂದು ಬೊಗಸೆ ಸಮುದ್ರದ ನೀರು ತೆಗೆದು ಬಾಯಿಗೆ ಹಾಕಿದರು, ಉಗುಳಿದರು. ಬಾಳೆಲ್ಲ ನೀರಿನ ಮೇಲೆ ಕಳೆದ ಮನುಷ್ಯ ಅವರು. ಹಡಗು ಬಂದರು ಬಿಟ್ಟು ನೆಲ ಕಾಣದಾದ ಮೇಲೆ ಕಟಕಟೆ ಹಿಡಿದು ನಿಂತು ಎಷ್ಟೋ ಹೊತ್ತು ಸುತ್ತಲೂ ನೋಡಿದರು. "ಇದಕ್ಕ ಆಚೀ ದಂಡಿನ ಇಲ್ಲಲ್ಲ" ಎಂದರು. ಯಾರಿಗೆ ಹೇಳಿದರೋ. ಅದೇ ಸಂಜೆಯಿಂದ ಅವರಿಗೆ ವಾಂತಿ ಹತ್ತಿತು. ಆ ರಾತ್ರಿ, ಮರುದಿನ ಎದ್ದೇಳಲಿಲ್ಲ. ಹೊಳೆ ತುಂಬಿ ಹರಿಯುವಾಗ ನಿಂತು ಹರಗೋಲು ತಿರುಗಿಸುತ್ತಿದ್ದವರು ಚಾಪೆಯ ಮೇಲೆ ಮುದುಡಿ ಮಲಗಿ, ನನ್ನ ಕೈಯಿಂದ ನೀರು ಕುಡಿದರು. ಬೇರೆ ಯಾರೂ ಇರಲಿಲ್ಲ, ನಾನೇ ಮುಖ ಒರೆಸಬೇಕು, ನಾನೇ ತಲೆ ಹಿಡಿಯಬೇಕು. ಅವರು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ನಾಚಿಕೆಯಿಂದಲೋ, ಸಂಕಟದಿಂದಲೋ ನನಗೆ ತಿಳಿಯುತ್ತಿರಲಿಲ್ಲ.

ನಾವಿದ್ದದ್ದು ತೆರೆದ ಡೆಕ್ಕಿನ ಮೇಲೆ, ತಾಡಪತ್ರಿಯ ಕೆಳಗೆ. ಪಕ್ಕದ ಚಾಪೆಯಲ್ಲಿ ಒಬ್ಬ ಕಚ್ಛೀ ಮುದುಕಿ, ಜಂಜಿಬಾರಿನಲ್ಲಿ ಸಂಸಾರ ಇದ್ದವಳು. ನಾನು ಉರ್ದುವಿನಲ್ಲಿ ಮಾತಾಡಿದರೆ ಅವಳಿಗೆ ತಿಳಿಯುತ್ತಿತ್ತು. ನಿಂಬೆ ಉಪ್ಪಿನಕಾಯಿ ಕೊಟ್ಟು ಮಾವನನ್ನು ಎಬ್ಬಿಸಿ ಕೂರಿಸಿದವಳು ಅವಳೇ. ಪೋರಬಂದರಿನಲ್ಲಿ ಹಡಗು ದಂಡೆಗೆ ಹೋಗದೆ ದೂರ ನಿಂತಿತು. ಜನರನ್ನು ದೋಣಿಗಳಲ್ಲಿ ತಂದು ಹಗ್ಗದ ಏಣಿಯ ಮೇಲೆ ಹತ್ತಿಸುತ್ತಿದ್ದರು. ಮಾವ ಕಟಕಟೆಗೆ ಒರಗಿ ಆ ದೋಣಿಯವರು ಅಲೆ ನೋಡಿ ಹುಟ್ಟು ಹಾಕುವುದನ್ನು ಊಟ ಬಿಟ್ಟು ನೋಡಿದರು.

ಸೇಶೆಲ್ಸ್ ದ್ವೀಪದಲ್ಲಿ ಹಡಗು ಬೆಳಗಿನಿಂದ ಸಂಜೆಯವರೆಗೆ ನಿಂತಿತು. ಇಳಿದು ಬರುವವರು ಬರಬಹುದು ಎಂದರು. ನಾವಿಬ್ಬರೂ ಮುದುಕಿಯ ಜೊತೆ ದೋಣಿಯಲ್ಲಿ ದಂಡೆಗೆ ಹೋದೆವು. ಕಾಲ ಕೆಳಗಿನ ನೆಲ ಇನ್ನೂ ತೂಗುತ್ತಿತ್ತು. ಬೆಟ್ಟದಿಂದ ಹಿಡಿದು ನೀರಿನವರೆಗೆ ಹಸಿರು, ಕೆಂಪು ಮಣ್ಣಿನ ದಾರಿ, ದಾಲ್ಚಿನ್ನಿಯ ವಾಸನೆ. ಮುದುಕಿ ಯಾವುದೋ ಅಂಗಡಿಗೆ ಹೋದಳು. ನಾವು ದಾರಿಯ ಬದಿ ಒಂದು ಮರದ ಕೆಳಗೆ ಕೂತೆವು, ನಡುವೆ ಎರಡು ಮಾರು ಜಾಗ ಬಿಟ್ಟು. ಎಷ್ಟೋ ಹೊತ್ತಾದ ಮೇಲೆ ಮಾವ ತಲೆಯೆತ್ತಿ ನನ್ನನ್ನೇ ನೋಡಿ, "ತಂಗಿ" ಎಂದರು.

ಮಾವ ನನ್ನನ್ನೇ ನೋಡಿ ಆಡಿದ ಮೊದಲ ಮಾತು ಅದು.

"ಅಂವ ಸಣ್ಣಾಂವ ಇದ್ದಾಗ ಭಾಳ ಅಂಜುಬುರುಕ ಇದ್ದ. ನೀರಾಗ ಇಳಿಯಾಕ ಅಳತಿದ್ದ. ನಾನ ಎತ್ತಿ ಒಗದೇನಿ ಒಂದಿನ. ಈಜ್ಯಾನ. ಆಮ್ಯಾಲ ಎರಡು ದಿನ ನನ್ನ ಕೂಡ ಮಾತಾಡಿಲ್ಲ." ಮತ್ತೆ ಹೇಳಿದರು: "ಅಂಜಿದ್ರ ಓಡ್ತಾನ ಅಂವ. ಕೆಟ್ಟಾಂವ ಅಲ್ಲ."

"ಗೊತ್ತೈತ್ರಿ ಮಾವ" ಎಂದೆ. ನನಗೆ ಏನೂ ಗೊತ್ತಿರಲಿಲ್ಲ. ಮೂರು ದಿನ ಕಳೆದರೆ ಗಂಡನ ಮುಖ ಕಾಣುತ್ತದೆ ಎನ್ನುವುದೊಂದೇ ಗೊತ್ತಿತ್ತು. ಅವತ್ತು ಹಡಗಿಗೆ ಮರಳಿ, ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದೆ. ನನ್ನ ಜೀವನದಲ್ಲಿ ಆ ಮೂರು ದಿನಗಳಷ್ಟು ಹಗುರವಾದ ದಿನಗಳು ಆಮೇಲೆ ಬರಲಿಲ್ಲ.

ಮೊಂಬಾಸಾಕ್ಕೆ ಬೆಳಿಗ್ಗೆ ಮುಟ್ಟಿದೆವು. ಡೊಳ್ಳು ಹೊಟ್ಟೆಯ ಬೋಳು ಮರಗಳು ದಂಡೆಯ ಮೇಲೆ ಸಾಲಾಗಿ ನಿಂತಿದ್ದವು. ಹಡಗು ಧಕ್ಕೆಗೆ ತಾಗುವ ಮುಂಚೆಯೇ ನಾನು ಅವನನ್ನು ಗುರುತಿಸಿದೆ. ಖಾಕಿ ಚಡ್ಡಿ, ಬಿಳಿ ಅಂಗಿ, ತಲೆಯಲ್ಲಿ ರುಮಾಲು ಇಲ್ಲ. ದಪ್ಪಗಾಗಿದ್ದ. ಎರಡೂ ಕೈ ಎತ್ತಿ ಬೀಸಿದ. ನಾನು ಸೆರಗು ಸರಿಮಾಡಿಕೊಂಡೆ, ಕೈ ಎತ್ತಲು ನಾಚಿಕೆಯಾಯಿತು. ಈಗ ಅದನ್ನು ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅಧಿಕಾರಿಗಳು ಹಡಗಿನೊಳಗೇ ಬಂದು ಮೇಜು ಹಾಕಿ ಕೂತರು. ಒಬ್ಬ ಬಿಳಿಯ, ಪಕ್ಕದಲ್ಲಿ ಹಿಂದುಸ್ತಾನಿ ಮಾತಾಡುವ ಒಬ್ಬ ಗುಮಾಸ್ತ. ಮಾವನ ಕಾಗದ ನೋಡಿದರು, ಮುದ್ರೆ ಒತ್ತಿದರು. ನನ್ನದನ್ನು ತೆಗೆದುಕೊಂಡು ಬಿಳಿಯ ಪರ್ಮಿಟ್ ನೋಡಿದ, ಪಾಸ್‌ಪೋರ್ಟ್ ನೋಡಿದ, ಮತ್ತೆ ಪರ್ಮಿಟ್ ನೋಡಿದ. ಗುಮಾಸ್ತ ನನ್ನ ಕಡೆ ತಿರುಗಿ, ಹೆಸರು ಕೂಡುವುದಿಲ್ಲ ಎಂದ.

ಅತ್ತೆ ಇಟ್ಟ ಹೆಸರು, ಅಪ್ಪ ಇಟ್ಟ ಹೆಸರು ಎಂದು ನಾನು ಗಡಬಡಿಸಿ ಉರ್ದುವಿನಲ್ಲಿ ಹೇಳಿದೆ. ನಮ್ಮ ಕಡೆ ಮದುವೆಯಲ್ಲಿ ಹೆಸರು ಬದಲಾಗುತ್ತದೆ, ಎರಡೂ ನಾನೇ, ಬೇಕಾದರೆ ಅಲ್ಲಿ ನಿಂತಿದ್ದಾನಲ್ಲ ನನ್ನ ಗಂಡ, ಅವನನ್ನು ಕೇಳಿ ಎಂದೆ. ಗುಮಾಸ್ತ ಅದನ್ನು ಬಿಳಿಯನಿಗೆ ಹೇಳಿದ. ಅವರಿಬ್ಬರೂ ಏನೋ ಮಾತಾಡಿಕೊಂಡರು. ಕೊನೆಗೆ ಗುಮಾಸ್ತ ಹೇಳಿದ್ದು ಇಷ್ಟು: ಗಂಡ ತನ್ನ ಕಾಗದಗಳನ್ನೆಲ್ಲ ತೆಗೆದುಕೊಂಡು ಕಚೇರಿಗೆ ಬಂದು ತಾನು ಯಾರೆಂದು ತೋರಿಸಲಿ. ಅಲ್ಲಿಯವರೆಗೆ ನಿನ್ನನ್ನು ಇಳಿಯಲು ಬಿಡುವುದಿಲ್ಲ.

ಮಾವ ಒಬ್ಬರೇ ಇಳಿದರು. ನಾನು ಮೇಲಿನಿಂದ ನೋಡಿದೆ. ಮಗ ಬಾಗಿ ಕಾಲು ಮುಟ್ಟಿದ. ಮಾವ ಅವನ ಕೆನ್ನೆ, ಭುಜ, ಕೈ ಎಲ್ಲ ಸವರಿ ನೋಡಿದರು. ಅತ್ತೆಯ ಸುದ್ದಿ ಆಗ ಹೇಳಿರಬೇಕು, ಅವನು ಅಲ್ಲಿಯೇ ಮೂಟೆಯೊಂದರ ಮೇಲೆ ಕುಸಿದು ಕೂತ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಿದರು. ಮೊದಲು ಮಗ ಮಾತಾಡಿದ, ಮಾವ ತಲೆ ತಗ್ಗಿಸಿ ಕೇಳಿದರು. ನಡುವೆ ಅವನು ಒಂದು ಸಲ ತಲೆಯೆತ್ತಿ ನನ್ನ ಕಡೆ ನೋಡಿ ಏನೋ ಕೂಗಿದ. ಸಾಮಾನು ಎತ್ತುವ ಯಂತ್ರಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. "ಏನ್ರೀ?" ಎಂದು ನಾನೂ ಕೂಗಿದೆ. ಗಂಡನ ಜೊತೆ ನಾನು ಆಡಿದ ಕೊನೆಯ ಮಾತು ಅದು. ಅವನಿಗೆ ಅದು ಮುಟ್ಟಿತೋ ಇಲ್ಲವೋ.

ಮಾವ ಮಗನ ಕೋಣೆಗೆ ಹೋಗಿರಬಹುದು, ನಾಳೆ ಕಾಗದ ಸರಿ ಮಾಡಿಸಿಕೊಂಡು ಇಬ್ಬರೂ ಬರುತ್ತಾರೆ ಎಂದುಕೊಂಡಿದ್ದೆ. ಸಂಜೆ ನೋಡಿದರೆ ಅವರು ತಮ್ಮ ಗಂಟು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಾರೆ.

"ನೀವ್ಯಾಕ ಬಂದ್ರಿ ಮಾವ?"

"ಹಡಗ ಜಂಜಿಬಾರ, ಮುಂದ ಇನ್ನೊಂದು ಊರು ಮುಟ್ಟಿ ಹೊಳ್ಳಿ ಇಲ್ಲಿಗೇ ಬರ್ತದಂತ. ಅಷ್ಟರೊಳಗ ಕಾಗದ ನೋಡ್ತೀನಂದಾನ."

"ನೀವು ಅವರ ಕೂಡ ಇರಬೇಕಿತ್ತಲ್ರಿ."

"ನೀ ಒಬ್ಬಾಕಿ ಹ್ಯಾಂಗ ಇರ್ತಿ?" ಎಂದು ಚಾಪೆ ಹಾಸಿ, ಕಟಕಟೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಜಂಜಿಬಾರ್ ಒಂದು ದಿನದ ದಾರಿಯೂ ಅಲ್ಲ. ಹಡಗು ನಿಲ್ಲುವ ಮುಂಚೆಯೇ ಲವಂಗದ ವಾಸನೆ ಬಂತು. ನನ್ನಂಥವರನ್ನು ಇಳಿಸಬಾರದು ಎಂದು ಕಟ್ಟಪ್ಪಣೆ ಇತ್ತು. ಆದರೆ ಸಾರಂಗ ಎಂದು ಕರೆಯುತ್ತಿದ್ದ ಡೆಕ್ಕಿನ ಮೇಲ್ವಿಚಾರಕ, ರತ್ನಾಗಿರಿ ಕಡೆಯ ಒಬ್ಬ ಗಡ್ಡದ ಹಿರಿಯ, ಮಾವನ ಮುಖ ನೋಡಿ, ಮುದುಕಿಯ ಮನೆಯವರೆಗೆ ಹೋಗಿ ಬನ್ನಿ, ಮಧ್ಯಾಹ್ನದ ಮೇಲೆ ಹಡಗು ಬಿಡುತ್ತದೆ, ತಪ್ಪಿದರೆ ನನ್ನ ನೌಕರಿ ಹೋಗುತ್ತದೆ ಎಂದು ಬಿಟ್ಟ.

ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಮುಟ್ಟುವಂಥ ಓಣಿಗಳು. ಹಿತ್ತಾಳೆಯ ಮೊಳೆ ಬಡಿದ ದೊಡ್ಡ ದೊಡ್ಡ ಬಾಗಿಲುಗಳು. ಮುದುಕಿಯ ಮನೆಯಲ್ಲಿ ನಮಗೆ ಖಿಚಡಿ ಬಡಿಸಿದರು. ಊಟವಾದ ಮೇಲೆ ಅವಳು ನನ್ನನ್ನು ಒಳಗಿನ ಕೋಣೆಗೆ ಕರೆದು ಮೆಲ್ಲಗೆ ಹೇಳಿದಳು: ನೀನು ಹಡಗಿಗೆ ಹೋಗಬೇಡ. ಇಲ್ಲೇ ಇದ್ದುಬಿಡು. ನನ್ನ ಸೊಸೆಗೆ ಬಾಣಂತನಕ್ಕೆ ಕೈ ಬೇಕು. ನಿನ್ನ ಗಂಡ ಮೊಂಬಾಸಾದಿಂದ ಹಾಯಿದೋಣಿಯಲ್ಲಿ ಎರಡು ದಿನಕ್ಕೆ ಬರುತ್ತಾನೆ. ಇಂಥ ಓಣಿಯಲ್ಲಿ ಯಾರು ಬಂದು ಕಾಗದ ಕೇಳುತ್ತಾರೆ?

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಆಗಲಿ ಎಂದೆ.

ಮಾವ ಎದ್ದು ಹೊರಟಾಗ ನಾನು ಒಳಗೇ ನಿಂತೆ. ಮುದುಕಿ ಹೋಗಿ ಹೇಳಿದಳು. ಅವಳ ಮಾತು ಅವರಿಗೆ ಅರ್ಧ ತಿಳಿಯಿತೋ ಏನೋ. ಅವರು ಬಾಗಿಲ ಹತ್ತಿರ ಬಂದು, "ತಂಗಿ, ಹೊರಗ ಬಾ" ಎಂದರು.

"ನಾ ಬರಾಂಗಿಲ್ರಿ. ನೀವು ಹೋಗಿ ಅವರಿಗಿ ಹೇಳ್ರಿ, ಇಲ್ಲಿ ಅದೀನಿ ಅಂತ."

"ಇಲ್ಲಿ ಇರಬ್ಯಾಡ."

"ಯಾಕ ಇರಬ್ಯಾಡ? ಇಲ್ಲಿ ಇದ್ರ ಅವರು ಬರ್ತಾರ. ಹಡಗಿನ್ಯಾಗ ಇದ್ರ ಮತ್ತ ಅದ ಮೇಜು, ಅದ ಬಿಳಿಯ. ನಾ ಸತ್ರೂ ಬರಾಂಗಿಲ್ಲ."

ಮಾವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಮೊದಲ ಸೀಟಿ ಆಯಿತು. ಅವರು ಏಳಲಿಲ್ಲ. ನಾನು ಕಿಟಕಿಯ ಜಾಲರಿಯಿಂದ ನೋಡುತ್ತಿದ್ದೆ. ಬಿಸಿಲು ಅವರ ಕಾಲಿನ ಮೇಲೆ ಬಂತು, ಮಂಡಿಯ ಮೇಲೆ ಬಂತು. ಓಣಿಯ ಜನ ಅವರನ್ನು ದಾಟಿಕೊಂಡು ಹೋಗುತ್ತಿದ್ದರು. ಎರಡನೆಯ ಸೀಟಿಯೂ ಆಯಿತು. ಆಗ ಸಾರಂಗ ತಾನೇ ಓಡುತ್ತ ಬಂದ, ಬೈಯುತ್ತಿದ್ದ. ಮಾವ ಅವನಿಗೆ ನಮ್ಮ ಭಾಷೆಯಲ್ಲಿಯೇ ಹೇಳಿದರು: "ಆಕಿ ಬರದ ನಾ ಬರಾಂಗಿಲ್ರಿ." ಸಾರಂಗನಿಗೆ ಕನ್ನಡ ಬರುತ್ತಿರಲಿಲ್ಲ. ಅವನು ತಲೆ ತಲೆ ಚಚ್ಚಿಕೊಂಡ. ಅವನ ಕಣ್ಣಲ್ಲಿ ನೀರು ಬಂದದ್ದು ನನಗೆ ಕಂಡಿತು. ನನ್ನಿಂದ ಅವನ ಮಕ್ಕಳ ಅನ್ನ ಹೋಗುತ್ತದೆ ಎಂದು ಆಗ ನನಗೆ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ. ಮೂವರೂ ಓಡಿದೆವು. ಧಕ್ಕೆಯವರೆಗೂ ನಾನು ಮಾವನಿಗೆ ಬಾಯಿಗೆ ಬಂದದ್ದು ಅಂದೆ. ಸೊಸೆಯಾದವಳು ಅನ್ನಬಾರದ್ದು ಅಂದೆ.

ದಾರ್ ಎಸ್ ಸಲಾಂ ಬಂದರಿನ ಬಾಯಿ ಬಹಳ ಇಕ್ಕಟ್ಟು. ಎರಡೂ ಕಡೆ ತೆಂಗಿನ ಮರಗಳು ಕೈಗೆ ಸಿಗುವಷ್ಟು ಹತ್ತಿರ. ಅಲ್ಲಿ ನಾಲ್ಕು ದಿನ ಸರಕು ಇಳಿಸಿದರು. ನಮ್ಮನ್ನು ಇಳಿಯಲು ಬಿಡಲಿಲ್ಲ. ಜಂಜಿಬಾರ್ ಆದ ಮೇಲೆ ಸಾರಂಗ ನಮ್ಮ ಮುಖ ನೋಡುವುದನ್ನೂ ಬಿಟ್ಟಿದ್ದ. ಆ ನಾಲ್ಕು ದಿನ ನಾನು ಮಾವನ ಜೊತೆ ಮಾತಾಡಲಿಲ್ಲ. ಆದರೆ ಮನಸ್ಸು ಕೆಟ್ಟದ್ದು, ಆಸೆ ಬಿಡುವುದಿಲ್ಲ. ದಿನಾ ಕಟಕಟೆಗೆ ನಿಂತು ಮೊಂಬಾಸಾದ ಕೋಣೆಯಲ್ಲಿ ಒಲೆ ಎಲ್ಲಿ ಹೂಡುವುದು ಎಂದು ಯೋಚಿಸುತ್ತಿದ್ದೆ. ಅವನಿಗೆ ಈಗ ಏನು ಸೇರುತ್ತದೋ. ಹಿಂಡಿಯ ಡಬ್ಬಿಯನ್ನು ನಾವು ಮುಟ್ಟಿರಲಿಲ್ಲ. ಮಾವ ಊಟ ಕಡಿಮೆ ಮಾಡಿದ್ದರು. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಾರೆ ಎಂದುಕೊಂಡೆ.

ಮೊಂಬಾಸಾಕ್ಕೆ ಮರಳಿ ಮುಟ್ಟಿದ ದಿನ ನಾನು ಮತ್ತೆ ಆ ಹಸಿರು ಸೀರೆ ಉಟ್ಟಿದ್ದೆ. ಹಡಗು ಧಕ್ಕೆಗೆ ತಾಗಿತು, ಹಗ್ಗ ಕಟ್ಟಿದರು, ಜನ ಹತ್ತಿದರು, ಇಳಿದರು. ಅವನಿರಲಿಲ್ಲ. ಕೆಲಸದ ಹೊತ್ತು, ಬಿಡುವಾದ ಮೇಲೆ ಬರುತ್ತಾನೆ ಎಂದೆ. ಬಿಸಿಲು ನೆತ್ತಿಗೆ ಬಂತು. ಖಾಕಿ ಚಡ್ಡಿ ಹಾಕಿದ ಪ್ರತಿಯೊಬ್ಬನನ್ನೂ ನೋಡಿದೆ. ಮೇಜಿನ ಹತ್ತಿರ ಹೋಗಿ ಆ ಗುಮಾಸ್ತನನ್ನು ಕೇಳಿದೆ. ಯಾರೂ ಕಚೇರಿಗೆ ಬಂದಿಲ್ಲ ಎಂದ.

ಹಿಂತಿರುಗಿ ಬಂದಾಗ ಮಾವ ಅಳುತ್ತಿದ್ದರು. ಗಂಡಸು ಹಾಗೆ ಬಾಯಿಬಿಟ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೆಂಡತಿಯ ಹೆಣದ ಮುಂದೆಯೂ ಅವರು ಅತ್ತಿರಲಿಲ್ಲ.

"ತಂಗಿ, ನಿನ್ನ ಹೆಸರಿನ ಗದ್ದಲ ಅಲ್ಲ ಅದು. ಅವನ ಹೆಸರಿಂದು."

ಆಮೇಲೆ ಎಲ್ಲ ಹೇಳಿದರು. ಗಂಡ ಬೊಂಬಾಯಿಗೆ ಓಡಿಹೋದಾಗ, ಹೈದರಾಬಾದ್ ಸೀಮೆಯವನೆಂದು ಅವನಿಗೆ ಯಾರೂ ಕಾಗದ ಮಾಡಿಕೊಡಲಿಲ್ಲ. ಕಾಗದವಿಲ್ಲದೆ ಹಡಗಿನ ಕೆಲಸವಿಲ್ಲ. ಹಡಗಿನಲ್ಲಿ ದುಡಿದು ಸತ್ತುಹೋದ ಯಾವನೋ ಖಲಾಸಿಯ ಗುರುತಿನ ಪುಸ್ತಕ ಅವನ ಕೈಗೆ ಬಂತು. ಆ ಸತ್ತವನ ಹೆಸರಿನಲ್ಲಿ ಹಡಗು ಹತ್ತಿದ, ಅದೇ ಹೆಸರಿನಲ್ಲಿ ಮೊಂಬಾಸಾದಲ್ಲಿ ಇಳಿದ, ಅದೇ ಹೆಸರಿನಲ್ಲಿ ಕೆಲಸ. ಪರ್ಮಿಟ್ಟಿನಲ್ಲಿ ನನ್ನ ಗಂಡನೆಂದು ಬರೆದದ್ದೂ ಆ ಹೆಸರೇ. ಪರ್ಮಿಟ್ ನೋಡಿಯೇ ಪಾಸ್‌ಪೋರ್ಟ್ ಮಾಡಿಸುತ್ತೇವೆ ಎಂದು ಅವನು ತಿಳಿದಿದ್ದ. ಇಂಗ್ಲಿಷ್ ಬಾರದ ನಾವು ತಹಸೀಲಿನಲ್ಲಿ ನಿಜವಾದ ಹೆಸರು ಬರೆಸಿದ್ದೆವು. ಮಾವನ ಪಾಸ್‌ಪೋರ್ಟಿನಲ್ಲಿ ಮಗನ ಹೆಸರು ಕೇಳುವ ಜಾಗವಿರಲಿಲ್ಲ, ಹಾಗಾಗಿ ಅವರು ಪಾರಾದರು. ನನ್ನದರಲ್ಲಿ ಗಂಡನ ಹೆಸರು ಇತ್ತು. ಈಗ ಅವನು ಕಚೇರಿಗೆ ಹೋಗಿ ತಾನು ಯಾರೆಂದು ಹೇಳಿದರೆ ಜೇಲು.

"ಏನಾರ ದಾರಿ ಸಿಕ್ರ ಹಡಗ ಹೊಳ್ಳಿ ಬಂದಾಗ ಇಲ್ಲಿ ನಿಂತಿರ್ತೀನಿ ಅಂದಿದ್ದ. ನಿಂತಿರಲಿಲ್ಲಂದ್ರ ದಾರಿ ಸಿಕ್ಕಿಲ್ಲ ಅಂತ ತಿಳಿ ಅಪ್ಪ, ಆಕಿನ್ನ ಊರಿಗಿ ಕರ್ಕೊಂಡು ಹೋಗು ಅಂದಾನ. ನಾ ಬರ್ತಾನ ಅಂದ್ಕೊಂಡಿದ್ದೆ. ಬಂದೇ ಬರ್ತಾನ ಅಂದ್ಕೊಂಡಿದ್ದೆ ತಂಗಿ."

"ಜಂಜಿಬಾರದಾಗ ಹೇಳಬೇಕಿತ್ತು."

"ಹ್ಯಾಂಗ ಹೇಳ್ಲಿ? ಬಾಯಿ ಬರ್ಲಿಲ್ಲ."

ನಾನು ಅಳಲಿಲ್ಲ. ಕೆಳಗೆ ನೀರು ಕಾಣುತ್ತಿತ್ತು, ಎಣ್ಣೆ ತೇಲುವ ಹೊಲಸು ನೀರು. ಕಟಕಟೆ ನನ್ನ ಸೊಂಟದ ಎತ್ತರ. ಎಷ್ಟು ಹೊತ್ತು ಹಾಗೆ ನೋಡಿದೆನೋ ಗೊತ್ತಿಲ್ಲ. ಮಾವ ಬಂದು ನನ್ನ ರಟ್ಟೆ ಹಿಡಿದರು. ನಾನು ಅದನ್ನು ಬಿಡಿಸಿಕೊಂಡು ಹೇಳಿದೆ: "ನಿಮಗ ಇಳಿಯಾಕ ಬಿಡ್ತಾರ. ಹೋಗಿ ಹುಡುಕ್ರಿ. ಅಂಜಿ ಎಲ್ಲೋ ಕುಂತಿರ್ತಾರ. ಒಂದು ಸಲ ಕಂಡು ಹೋಗಲಿ ಅನ್ರಿ. ಮ್ಯಾಲ ಬರೂದು ಬ್ಯಾಡ, ಕೆಳಗ ನಿಂತು ಮುಖ ತೋರಿಸ್ಲಿ."

ಅವರು ಹೋದರು. ಮಗ ಹೇಳಿದ್ದ ಗುರುತಿನ ಮೇಲೆ ಕೋಣೆ ಹುಡುಕಿದರಂತೆ. ಭಾಷೆ ಬಾರದ ಊರಿನಲ್ಲಿ ಆ ಮನುಷ್ಯ ಮಗನ ಹೆಸರು ಹೇಳಿಕೊಂಡು ತಿರುಗಿದ್ದಾರೆ. ಆ ಹೆಸರಿನವನು ಯಾರೂ ಇಲ್ಲ ಎಂದಿದ್ದಾರೆ ಎಲ್ಲರೂ. ಸತ್ತವನ ಹೆಸರು ಆಮೇಲೆ ನೆನಪಾಗಿ ಅದನ್ನು ಹೇಳಿದಾಗ ಒಬ್ಬ ಕೂಲಿ ಕೋಣೆ ತೋರಿಸಿದ. ಬೀಗ ಹಾಕಿತ್ತು. ನಮ್ಮ ಹಡಗು ಹೋದ ಮರುದಿನವೇ ಒಳನಾಡಿನ ರೈಲು ಹತ್ತಿ ಹೋಗಿದ್ದನಂತೆ. ಎಲ್ಲಿಗೆ ಎಂದು ಯಾರಿಗೂ ಹೇಳಿರಲಿಲ್ಲ.

ಹಡಗು ಬಿಡುವ ಮುಂಚೆ ಮಾವ ಮರಳಿ ಬಂದರು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು.

"ನೀವು ಇರ್ರಿ ಮಾವ" ಎಂದೆ. "ನಿಮ್ಮ ಕಾಗದ ಸರಿ ಅದಾವ. ಒಂದಿಲ್ಲೊಂದು ದಿನ ಬಂದಾರು. ನಿಮ್ಮ ಮಗ."

"ಕರ್ಕೊಂಡು ಬಂದಾಂವ ನಾನು" ಎಂದರು. ಹಡಗು ಸರಿದಾಗ ನಾನು ಕಟಕಟೆಯ ಹತ್ತಿರ ಹೋಗಲಿಲ್ಲ. ಅವರು ಹೋಗಿ ನಿಂತು ಆ ಬೋಳು ಮರಗಳು ಕಣ್ಮರೆಯಾಗುವವರೆಗೆ ನೋಡಿದರು.

ಬರುವಾಗಿನ ಸಮುದ್ರ ನನಗೆ ನೆನಪಿಲ್ಲ. ಸೇಶೆಲ್ಸ್‌ನಲ್ಲಿ ನಿಂತಿತ್ತಂತೆ, ನಾನು ತಾಡಪತ್ರಿಯ ಕೆಳಗಿನಿಂದ ಎದ್ದಿರಲಿಲ್ಲ. ಮಾವ ಮೂರು ಹೊತ್ತು ಗಂಜಿ ತಂದು, ಚಿಕ್ಕ ಮಗುವಿಗೆ ಕುಡಿಸುವಂತೆ ಲೋಟ ಬಾಯಿಗೆ ಹಿಡಿಯುತ್ತಿದ್ದರು.

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ಮಧ್ಯಾಹ್ನ. ಶಹಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದೆವು. ಮಾವ ಕೇಳಿದರು: "ಊರಾಗ ಏನ್ ಹೇಳ್ಲಿ?"

ನಾನು ಟ್ರಂಕಿನ ಬೀಗ ತಿರುವುತ್ತ ಕೂತೆ.

"ಸತ್ತಾನ ಅಂದ್ರ ನಿನಗ ಉಡಿಕಿ ಮಾಡಾಕ ಬರ್ತದ. ಇನ್ನೊಂದು ಮನಿ ಸೇರ್ತಿ. ಅದಾನ ಅಂದ್ರ ಹಿಂಗ ಕುಂಡ್ರಬೇಕು. ನೀ ಹೆಂಗ ಅಂತಿ ಹಂಗ ಹೇಳ್ತೀನಿ."

ಗಂಡನನ್ನು ಕೊಲ್ಲುವುದೋ ಉಳಿಸುವುದೋ ಎಂದು ಅವನ ಹೆತ್ತ ಅಪ್ಪನೇ ನನ್ನನ್ನು ಕೇಳುತ್ತಿದ್ದರು. ಜೀವಂತ ಇರುವ ಮಗನನ್ನು ಬಾಯಿಂದ ಸಾಯಿಸಲು ಆ ಮನುಷ್ಯ ತಯಾರಿದ್ದರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ಇದ್ದದ್ದು ಹೇಳ್ರಿ" ಎಂದೆ.

ಅವರು ಹಾಗೆಯೇ ಮಾಡಿದರು. ಚಾವಡಿಯಲ್ಲಿ ಹಿರಿಯರೆಲ್ಲ ಕೂಡಿದಾಗ ಎದ್ದು ನಿಂತು, "ನನ್ನ ಮಗ ಇಕಿನ್ನ ಬಿಟ್ಟಾನ. ತಪ್ಪು ಅವಂದು, ನನ್ನದು. ಇಕಿದು ಏನೂ ಇಲ್ಲ" ಎಂದರು. ಜನ ಮಾತಾಡಿಕೊಂಡರು. ಸಮುದ್ರದ ತನಕ ಹೋಗಿ ಗಂಡನಿಗೆ ಬೇಡವಾಗಿ ಬಂದವಳು ಎಂದರು. ಕೆಲವರು ನನ್ನ ನಡತೆಯ ಮೇಲೂ ಹಾಕಿದರು. ಹೊಳೆಗೆ ನೀರಿಗೆ ಹೋದರೆ ಮಾತು ನಿಲ್ಲುತ್ತಿತ್ತು.

ಆಗ ಹೊಸ ಸರ್ಕಾರ ಊರೂರಿಗೆ ಕನ್ನಡ ಶಾಲೆ ತೆರೆಯುತ್ತಿತ್ತು. ಕನ್ನಡ ಓದು ಬರಹ ಬಲ್ಲ ಹೆಂಗಸರು ಸಿಗುತ್ತಿರಲಿಲ್ಲ. ಆ ಸುದ್ದಿ ತಂದವರು ಮಾವ. ನನ್ನನ್ನು ಶಹಾಪುರಕ್ಕೆ ಕರೆದುಕೊಂಡು ಹೋಗಿ, ಕಚೇರಿಯ ಮುಂದೆ ಮೂರು ದಿನ ಕೂತು, ಅರ್ಜಿ ಹಾಕಿಸಿದರು. ಮೊದಲು ತರಬೇತಿ, ಆಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ. ಬೆಟ್ಟದ ಬುಡದಲ್ಲಿ ಒಂದು ಕೋಣೆ ಹಿಡಿದೆವು. ಹೊಳೆ ಬಿಟ್ಟು ಒಂದು ದಿನ ಇರದ ಮನುಷ್ಯ ನನಗಾಗಿ ಆ ಕಲ್ಲುಬಂಡೆಗಳ ನಡುವೆ ಬಂದು ಉಳಿದರು. ನಾನು ಶಾಲೆಗೆ ಹೋದರೆ ಅವರು ಬಾವಿಯಿಂದ ನೀರು ತರುತ್ತಿದ್ದರು, ಒಲೆ ಹೊತ್ತಿಸಿ ಇಡುತ್ತಿದ್ದರು. ಮಾವ ಸೊಸೆ ಇಬ್ಬರೇ ಇರುವುದಕ್ಕೆ ಅಲ್ಲಿಯೂ ಜನ ನಕ್ಕರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಟ್ಟವಳಿಗೂ ಉಡಿಕಿ ನಡೆಯುತ್ತದೆ ಎಂದು ಹಿರಿಯರನ್ನು ಒಪ್ಪಿಸಿ, ಎರಡು ಸಲ ನನಗೆ ಗಂಡು ನೋಡಿಕೊಂಡು ಬಂದರು. ಬೇಡ ಎಂದೆ. ಯಾಕೆ ಬೇಡ ಅಂದೆ ಎಂದು ನನಗೂ ಗೊತ್ತಿಲ್ಲ.

ನಾನು ಶಾಲೆಯಿಂದ ಬಂದ ಕೂಡಲೇ ಅವರ ಮೊದಲ ಮಾತು ಒಂದೇ: "ಟಪಾಲು ಬಂತೇನು?" ಶಾಲೆಯ ವಿಳಾಸವನ್ನು ಅವರೇ ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿ, ಮೊಂಬಾಸಾದ ಆ ಹಳೆಯ ಕೋಣೆಗೆ ಕಳಿಸಿದ್ದರು. "ಇಲ್ರಿ ಮಾವ" ಎನ್ನುತ್ತಿದ್ದೆ. ಹೂಂ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು.

ಒಂದು ದಿನ ಬಂತು. ಮಕ್ಕಳು ಮಗ್ಗಿ ಹೇಳುತ್ತಿದ್ದಾಗ ಟಪಾಲಿನವನು ಕೊಟ್ಟು ಹೋದ. ಮೊಂಬಾಸಾದ ಕೋಣೆಯವರು ವಿಳಾಸ ಮುಟ್ಟಿಸಿದ್ದರಂತೆ, ಒಳನಾಡಿನ ಕಂಪಾಲದಿಂದ ಬರೆದಿದ್ದ. ಆ ಸತ್ತವನ ಹೆಸರೇ ಈಗ ನನ್ನ ಹೆಸರಾಗಿದೆ, ಅಲ್ಲಿಯೇ ಮದುವೆಯಾಗಿದ್ದೇನೆ, ಎರಡು ಗಂಡು ಮಕ್ಕಳು, ದೊಡ್ಡವನು ನಿನ್ನ ಹಾಗೆಯೇ ಇದ್ದಾನೆ, ನನ್ನನ್ನು ಮರೆತುಬಿಡು ಎಂದಿತ್ತು. ಅಪ್ಪನಿಗೆ ಎಂದೇ ಬರೆದಿದ್ದ. ನನ್ನ ಸುದ್ದಿ ಒಂದು ಅಕ್ಷರವೂ ಇರಲಿಲ್ಲ. ಶಾಲೆ ಬಿಡುವವರೆಗೆ ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟಿದ್ದೆ. ಮನೆಗೆ ಹೋದಾಗ ಮಾವ ಬಾಗಿಲಲ್ಲಿಯೇ ಕೂತಿದ್ದರು.

"ಟಪಾಲು ಬಂತೇನು?"

"ಇಲ್ರಿ ಮಾವ" ಎಂದೆ.

ಮಗ ಮತ್ತೊಂದು ಸಂಸಾರ ಕಟ್ಟಿದ್ದು ತಿಳಿದರೆ ಅವರು ತಡೆಯುವುದಿಲ್ಲ ಎಂದು ಮುಚ್ಚಿಟ್ಟೆ. ಹಾಗೆಂದು ನಾನು ಬಹಳ ವರ್ಷ ಹೇಳಿಕೊಂಡೆ. ಆದರೆ ಮೊಮ್ಮಕ್ಕಳಿದ್ದಾರೆ ಎಂದು ತಿಳಿದಿದ್ದರೆ ಆ ಮುದುಕನಿಗೆ ಸಂತೋಷವೇ ಆಗುತ್ತಿತ್ತೋ ಏನೋ. ಆ ಸಂತೋಷವನ್ನು ನಾನು ಕೊಡಲಿಲ್ಲ. ಕೊಡಲು ನನ್ನ ಮನಸ್ಸು ಬರಲಿಲ್ಲ, ಇದೇ ನಿಜ. ಆಮೇಲೆ ಎರಡು ವರ್ಷ ಅವರು ಬದುಕಿದ್ದರು. ದಿನಾ ಕೇಳುತ್ತಿದ್ದರು, ದಿನಾ ನಾನು ಇಲ್ಲ ಎನ್ನುತ್ತಿದ್ದೆ. ಕೊನೆಯ ಚಳಿಗಾಲದಲ್ಲಿ ಹಾಸಿಗೆ ಹಿಡಿದಾಗ ಕೇಳುವುದನ್ನು ಬಿಟ್ಟರು. ನಾನು ಶಾಲೆಯಿಂದ ಬಂದರೆ ಒಂದು ಸಲ ನನ್ನ ಮುಖ ನೋಡಿ, ಉತ್ತರ ಅಲ್ಲೇ ಓದಿಕೊಂಡವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.